ಒಂದು ಚಮಚ ನಕ್ಷತ್ರದ ಪಾರ್ಸೆಲ್

ಕುಷ್ಟಗಿ
ಜೂನ್ 21, 2025

ರೀ,

ಇವಳ್ಯಾಕ ಪತ್ರ ಬರದಾಳ ಅಂತ ಆಶ್ಚರ್ಯ ಆಗಿರಬೇಕು ನಿಮಗ. ಫೋನ್ ಮಾಡಿದ್ರ ಬರೇ "ಹ್ಞೂಂ", "ಆಯ್ತು", "ನೋಡೋಣ" ಅಂತೀರಿ. ಬರದ್ರ ಉತ್ತರ ಬರೀಲೇಬೇಕಲ್ಲ. ಮದುವಿ ಆಗಿ ಎರಡು ವರ್ಷ ಆತು, ಎರಡು ತಿಂಗಳೂ ಒಂದ ಮನಿಯಾಗ ಇದ್ದಿಲ್ಲ. ಯುಗಾದಿಗೆ ಬಂದು ಹೋದವ್ರು ಮತ್ತ ಈ ಕಡೆ ಮುಖ ಹಾಕಿಲ್ಲ.

ಸುದ್ದಿ ಏನಂದ್ರ, ನನ್ನ ಒಂಬತ್ತನೇ ಕ್ಲಾಸಿನ್ಯಾಗ ಒಂದು ರಗಳೆ ಆಗೈತಿ. ಸಾಂದ್ರತೆ ಪಾಠ ನಡದಿತ್ತು. ಮಾತಿಗೆ ಮಾತು ಬಂದು ಹೇಳಿದೆ: ಕೆಲವು ನಕ್ಷತ್ರ ಸತ್ತ ಮ್ಯಾಲ ಕುಸಿದು ಒಂದು ಊರಿನಷ್ಟ ಸಣ್ಣ ಆಗ್ತಾವು, ಅವಕ್ಕ ನ್ಯೂಟ್ರಾನ್ ನಕ್ಷತ್ರ ಅಂತಾರ, ಅದರದೊಂದು ಚಮಚ ತಗೊಂಡ್ರ ನೂರಾರು ಕೋಟಿ ಟನ್ ತೂಕ ಅಂತ. ಮುಂದಿನ ಬೆಂಚಿನ ಇಂಚರ ಎದ್ದು ನಿಂತ್ಲು. "ಮೇಡಂ, ಚಮಚ ಅಂದ್ರ ಸಣ್ಣ ಡಬ್ಬ್ಯಾಗ ಹಿಡಿತೈತಿ. ಬೆಂಗಳೂರಿನ್ಯಾಗ ಎಲ್ಲಾ ಸಿಗ್ತೈತಲ್ರಿ, ಪಾರ್ಸೆಲ್ ತರಸ್ರಿ."

ಎಲ್ಲಾರೂ ನಕ್ರು, ಆಕಿ ನಗಲಿಲ್ಲ. ದಿನಾ ಕೇಳಾಕತ್ತಾಳ. ನೀವು ಬೊಮ್ಮನಹಳ್ಳಿಯ ಲೋಹದ ತೂಕದ ಕಲ್ಲು ಮಾಡೂ ಫ್ಯಾಕ್ಟರಿಯವ್ರು. ಏನರ ಒಂದು ಭಾರದ್ದು ಕಳಸ್ರಿ, ಇಲ್ಲಾಂದ್ರ ನೀವ ಬಂದು ಹೇಳ್ರಿ.

ನನ್ನ ಬೆಂಗಳೂರಿನ ವರ್ಗಾವಣಿದು ಏನೂ ಸುದ್ದಿ ಇಲ್ಲ. ಅದನ್ನ ಮೊದಲ ಹೇಳಿಬಿಡ್ತೀನಿ, ಕೇಳಬ್ಯಾಡ್ರಿ.

ಶೈಲಶ್ರೀ


ಬಿಟಿಎಂ ಲೇಔಟ್, ಬೆಂಗಳೂರು
ಜುಲೈ 3

ಶೈಲಾ,

ನಿನ್ನ ಪತ್ರ ಓದಿ ಖುಷಿಯಾಯ್ತು. ಹುಡುಗಿ ಕೇಳಿರೋದು ಸರಿಯಾದ ಪ್ರಶ್ನೆ, ನಗೋ ವಿಷಯ ಅಲ್ಲ.

ಜಾಗದ ಲೆಕ್ಕ ನೋಡಿದರೆ ಡಬ್ಬಿಯಲ್ಲಿ ಹಿಡಿಯುತ್ತೆ. ಆದರೆ ಉಳಿಯಲ್ಲ. ಆ ನಕ್ಷತ್ರದ ಗುರುತ್ವವೇ ಅದನ್ನ ಒತ್ತಿ ಹಿಡಿದಿರೋದು. ಅಲ್ಲಿಂದ ಒಂದು ಚಮಚ ಕಿತ್ತು ತಂದರೆ ಒತ್ತಿ ಹಿಡಿಯೋಕೆ ಏನೂ ಇರಲ್ಲ, ಕಣ್ಣು ಮಿಟುಕಿಸೋ ಮೊದಲೇ ಸಿಡಿದುಹೋಗುತ್ತೆ. ಡಬ್ಬಿ, ಪಾರ್ಸೆಲ್ ಆಫೀಸು, ಊರು ಯಾವುದೂ ಉಳಿಯಲ್ಲ. ಸಿಡಿಯಲ್ಲ ಅಂತಲೇ ಇಟ್ಕೊ. ಆಗಲೂ ಟೇಬಲ್ ಮೇಲೆ ಇಡೋಕಾಗಲ್ಲ. ಟೇಬಲ್ಲು, ನೆಲ, ನೆಲದಡಿಯ ಬಂಡೆ ಎಲ್ಲಾ ತೂರಿಕೊಂಡು ಭೂಮಿಯ ನಡುವಿಗೆ ಇಳಿದುಬಿಡುತ್ತೆ. ನಾಲ್ಕು ಪುಟದಲ್ಲಿ ಬೇರೆಯಾಗಿ ಬರೆದು ಚಿತ್ರ ಹಾಕಿದ್ದೀನಿ, ಕ್ಲಾಸಿನಲ್ಲಿ ಓದು.

ನಮ್ಮ ಕೈಗೆ ಸಿಗೋ ಲೋಹದಲ್ಲಿ ಭಾರ ಅಂದರೆ ಟಂಗ್‌ಸ್ಟನ್. ಸೀಸಕ್ಕಿಂತ ಎಷ್ಟೋ ಭಾರ. ನನ್ನ ಹತ್ತಿರ ಒಂದು ತುಂಡಿದೆ, ಮೂಲೆ ಮುಕ್ಕಾಗಿ ರಿಜೆಕ್ಟ್ ಆದದ್ದು. ಓನರ್ ತಿಮ್ಮರಾಯಪ್ಪನವರೇ ಕೊಟ್ಟರು. ಮುಷ್ಟಿಯೊಳಗೆ ಹಿಡಿಯುತ್ತೆ, ಎರಡು ಕಿಲೋ ಹತ್ತಿರ ತೂಗುತ್ತೆ. ಅದನ್ನ ಕಳಿಸ್ತೀನಿ.

ಬರೋಕೆ ಆಗ್ತಿಲ್ಲ. ಫ್ಯಾಕ್ಟರಿಯಲ್ಲಿ ಆರ್ಡರ್ ಮೇಲೆ ಆರ್ಡರ್, ಭಾನುವಾರವೂ ಕರೀತಾರೆ.

ರವಿಕುಮಾರ


ಕುಷ್ಟಗಿ
ಜುಲೈ 12

ರೀ,

ನಕ್ಷತ್ರಕ್ಕ ನಾಲ್ಕು ಪುಟ, ನನಗ ನಾಲ್ಕು ಸಾಲು. ಇರ್ಲಿ.

ಕ್ಲಾಸಿನ್ಯಾಗ ಓದಿದೆ. "ಆಗುತ್ತೆ, ಹೋಗುತ್ತೆ" ಅಂತ ಓದೂಮುಂದ ನನಗ ನಗು. ಇಳಕಲ್ಲಿನ ಮನಶ್ಯಾ ಯಾವಾಗ ಹಿಂಗಾದ್ರಿ? ಸಿಡಿಯೂದು ಕೇಳಿ ಹುಡುಗರು ಕುಣದ್ರು. ಇಂಚರ ಮಾತ್ರ ಬಾಳ ಹೊತ್ತು ವಿಚಾರ ಮಾಡಿ, "ಹಂಗಾರ ಅದನ್ನ ಅಲ್ಲಿಂದ ಕೀಳಬಾರದು ಬಿಡ್ರಿ ಮೇಡಂ. ಅಲ್ಲೇ ಛಲೋ ಐತಿ" ಅಂದ್ಲು. ಆದ್ರ ಟಂಗ್‌ಸ್ಟನ್ ಬೇಕಂತ. ಎರಡು ಕಿಲೋ ಮುಷ್ಟ್ಯಾಗ ಹಿಡಿತೈತಿ ಅನ್ನೂದನ್ನ ಯಾರೂ ನಂಬವಲ್ರು. ಹೆಡ್‌ಮಾಸ್ತರ್ ದ್ಯಾಮಣ್ಣ ಸರ್ ಸೈತ "ಬರ್ಲಿ, ನೋಡಾಮು" ಅಂತ ಗಡ್ಡ ಕೆರಕೊಂಡ್ರು.

ನಾನು ನಿಮಗ ಬರ್ರಿ ಅಂತ ಬರದಿದ್ದೆ. ಭಾನುವಾರನೂ ಕರೀತಾರ ಅಂದ್ರ ಒಂದು ದಿನ ರಜಾ ಸಿಗೂದಿಲ್ಲೇನು?

ಶೈಲಶ್ರೀ


ಬಿಟಿಎಂ ಲೇಔಟ್
ಜುಲೈ 25

ಶೈಲಾ,

ಕೊನೆಗೂ ಕಳಿಸಿದೆ. ಕೊರಿಯರ್ ಅಂಗಡಿಯಲ್ಲಿ ನಡೆದದ್ದು ಕೇಳು.

ಬಾಕ್ಸ್ ಕೌಂಟರ್ ಮೇಲಿಟ್ಟೆ. ಹುಡುಗಿ ತೂಕಕ್ಕೆ ಹಾಕಿ ಮಷೀನ್ ಕಡೆ, ಬಾಕ್ಸ್ ಕಡೆ ಎರಡೆರಡು ಸಲ ನೋಡಿದಳು. "ಸಾರ್, ಮಷೀನ್ ಕೆಟ್ಟಿದೆ ಅನ್ಸತ್ತೆ, ಆಮೇಲೆ ಬನ್ನಿ."

"ಕೆಟ್ಟಿಲ್ಲಮ್ಮ, ಅದರ ತೂಕವೇ ಅಷ್ಟು."

"ಟೀ ಕಪ್ ಹಿಡಿಯೋ ಬಾಕ್ಸು ಸಾರ್ ಇದು. ಒಳಗೇನಿದೆ?"

"ಮೆಟಲ್. ಸ್ಕೂಲಿಗೆ."

"ಯಾವ ಮೆಟಲ್? ಚಿನ್ನ ಆದ್ರೆ ತಗೊಳಲ್ಲ."

ಬಿಚ್ಚಿ ತೋರಿಸಿದೆ. ಅಂಗೈಗೆ ತಗೊಂಡಳು, ಕೈ ಧಡಕ್ಕನೆ ಕೆಳಗೆ ಹೋಯ್ತು. ಹೆದರಿ ಮ್ಯಾನೇಜರನ್ನ ಕರೆದಳು. ಅವನು ಆಧಾರ್ ಕೇಳಿದ, ಫೋಟೋ ತೆಗೆದ, ಲೋಹ ತಯಾರಾದ ಫ್ಯಾಕ್ಟರಿಯನ್ನೇ ಕಳಿಸಿದವರ ವಿಳಾಸ ಅಂತ ಹಾಕಿದರೆ ಮಾತ್ರ ತಗೋತೀನಿ ಅಂದ. ಹಾಕಿದೆ. ಅಷ್ಟೆಲ್ಲ ಆದಮೇಲೆ "ಬಾಕ್ಸ್ ಹರಿದರೆ ನಮ್ಮ ಜವಾಬ್ದಾರಿ ಅಲ್ಲ" ಅಂತ ಸಹಿ ಹಾಕಿಸಿಕೊಂಡ. ಒಂದು ತುಂಡು ಲೋಹ ಕಳಿಸೋಕೆ ಇಷ್ಟು ಕಥೆ.

ಒಂದು ವಾರದಲ್ಲಿ ಬರುತ್ತೆ.

ರವಿ


ಕುಷ್ಟಗಿ
ಆಗಸ್ಟ್ 8

ರೀ,

ಬಂದಿಲ್ಲ.

ಗೇಟಿನ ಮುಂದ ಯಾವ ಬೈಕ್ ನಿಂತ್ರೂ ಹುಡುಗರು ಕಿಟಕಿಗೆ ಓಡ್ತಾರ. ಹತ್ತನೇತ್ತದ ಕ್ಲಾಸಿನವ್ರು ನನ್ನ ನೋಡಿ "ನಕ್ಷತ್ರದ ಮೇಡಂ" ಅನ್ನಾಕ ಶುರು ಮಾಡ್ಯಾರ. ದ್ಯಾಮಣ್ಣ ಸರ್ ನಿನ್ನೆ, "ನಿಮ್ಮ ಯಜಮಾನ್ರು ನಕ್ಷತ್ರ ಕಳಸ್ಯಾರೋ, ಆಕಾಶದಾಗ ಬಿಟ್ಟಾರೋ" ಅಂದ್ರು. ಎಲ್ಲಾರೂ ನಕ್ರು. ನಾನೂ ನಕ್ಕೆ. ಮನಿಗೆ ಬಂದು ಪಾತ್ರಿ ಮ್ಯಾಲ ಸಿಟ್ಟು ತೀರಿಸಿಕೊಂಡೆ.

ನೀವು ಕಳಿಸೀರಿ ಅನ್ನೂದು ಖರೆ ಐತಿ ಹೌದಲ್ಲೋ? ಹಿಂಗ ಕೇಳೂದು ತಪ್ಪು ಅಂತ ಗೊತ್ತೈತಿ. ಆದ್ರ ಈಗೀಗ ನೀವು ಹೇಳೂದಕ್ಕೂ ಆಗೂದಕ್ಕೂ ತಾಳ ಕೂಡವಲ್ದು. ಭಾನುವಾರ ಫೋನ್ ಮಾಡಿದ್ರ ಹಿಂದ ಟ್ರಾಫಿಕ್ಕಿನ ಸಪ್ಪಳ, "ಫ್ಯಾಕ್ಟರಿಯಾಗ ಇದ್ದೀನಿ" ಅಂತೀರಿ.

ಶೈಲಶ್ರೀ


ಬಿಟಿಎಂ ಲೇಔಟ್
ಆಗಸ್ಟ್ 14

ಶೈಲಾ,

ನನ್ನ ಮೇಲೆ ಅನುಮಾನ ಪಡೋ ಬದಲು ಆ ಕೊರಿಯರ್ ಕಂಪನಿ ಮೇಲೆ ಪಡು.

ವಾರದಿಂದ ಫೋನ್ ಮಾಡ್ತಿದ್ದೀನಿ. ಒಂದು ಒತ್ತಿ, ಎರಡು ಒತ್ತಿ, ಹಾಡು ಕೇಳಿ. ಕೊನೆಗೆ ಒಬ್ಬ ಮನುಷ್ಯ ಸಿಕ್ಕಿ ಹೇಳಿದ್ದು: ಸ್ಕ್ಯಾನರ್‌ನಲ್ಲಿ ಹಾಕಿದರೆ ಬಾಕ್ಸಿನೊಳಗೆ ಬರೀ ಕಪ್ಪು ಕಾಣುತ್ತೆ, ಏನಿದೆ ಅಂತ ಗೊತ್ತಾಗಲ್ಲ, ಅದಕ್ಕೆ ಮುಂದೆ ಕಳಿಸಿಲ್ಲ. "ಅಷ್ಟು ಗಟ್ಟಿ ಲೋಹ ಸಾರ್, ಎಕ್ಸ್‌ರೇ ಒಳಗೆ ಹೋಗಲ್ಲ, ಕಪ್ಪೇ ಕಾಣೋದು" ಅಂದರೆ, "ಅದೇ ಪ್ರಾಬ್ಲಮ್ಮು ಸಾರ್" ಅಂದ. ಕಳಿಸಿದವರಿಗೇ ವಾಪಸ್ ಮಾಡ್ತಾರಂತೆ. ತಲೆ ಚಚ್ಚಿಕೊಳ್ಳೋಣ ಅನ್ನಿಸ್ತು.

ಇನ್ನೊಂದು ವಿಷಯ. ನಿನ್ನ ವರ್ಗಾವಣೆ ತಾನಾಗಿ ಆಗೋದಿಲ್ಲ. ತಲಘಟ್ಟಪುರದ ಸರ್ಕಾರಿ ಹೈಸ್ಕೂಲಿನಲ್ಲಿ ಕುಷ್ಟಗಿ ಕಡೆಯ ಸೈನ್ಸ್ ಟೀಚರ್ ಒಬ್ಬರಿದ್ದಾರಂತೆ, ಗೌರಮ್ಮ ಅಂತ. ಪರಸ್ಪರ ವರ್ಗಾವಣೆಗೆ ಒಪ್ಪಿದರೆ ಅವರು ಅಲ್ಲಿಗೆ, ನೀನು ಇಲ್ಲಿಗೆ. ಮುಂದಿನ ವಾರ ನಾನೇ ಹೋಗಿ ಕೈಮುಗಿದು ಕೇಳ್ತೀನಿ. ಯಾರಾದರೂ ಒಬ್ಬರು ಏನಾದರೂ ಮಾಡಬೇಕಲ್ಲ.

ರವಿ


ಕುಷ್ಟಗಿ
ಆಗಸ್ಟ್ 21

ತಲಘಟ್ಟಪುರಕ್ಕ ಹೋಗಬ್ಯಾಡ್ರಿ. ನಿಮ್ಮ ಪತ್ರ ಇವತ್ತ ಕೈಗೆ ಬಂತು. ಫೋನ್ ಮಾಡಿದೆ, ನೀವು ಎತ್ತಲಿಲ್ಲ.

ನೀವು ಎತ್ತದಿದ್ರ ಏನಾತು, ಕೊರಿಯರಿನವ್ರು ನನಗ ಫೋನ್ ಮಾಡಿದ್ರು. "ಮೇಡಂ, ಕಳಿಸಿದ ವಿಳಾಸಕ್ಕೆ ವಾಪಸ್ ತಗೊಂಡ್ಹೋದ್ವಿ, ಆ ಹೆಸರಿನವರು ಇಲ್ಲಿ ಕೆಲಸ ಬಿಟ್ಟಾಯ್ತು ಅಂತಾರೆ, ಪಾರ್ಸೆಲ್ ಏನ್ಮಾಡೋಣ?" ಯಾವಾಗ ಬಿಟ್ರಂತ ಕೇಳಿದೆ. ಗೇಟಿನ ಸೆಕ್ಯೂರಿಟಿಯವನ ಕೈಗೇ ಫೋನ್ ಕೊಟ್ರು. "ಏಪ್ರಿಲ್‌ನಲ್ಲೇ ಮೇಡಂ. ಆರ್ಡರ್ ಇಲ್ಲ ಅಂತ ಆರು ಜನರನ್ನ ತೆಗೆದ್ರಲ್ಲ, ಅದರಲ್ಲಿ ಅವರೂ ಒಬ್ರು. ನಿಮಗೆ ಗೊತ್ತಿಲ್ವಾ?"

ನನಗ ಗೊತ್ತಿಲ್ಲ. ಸೆಕ್ಯೂರಿಟಿಯವನಿಗೆ ಗೊತ್ತೈತಿ.

ಆರ್ಡರ್ ಮೇಲೆ ಆರ್ಡರ್ ಅಂತ ಬರದ್ರಲ್ಲ, ಅದು ಯಾವ ಫ್ಯಾಕ್ಟರಿದ್ರಿ?

ಶೈಲಶ್ರೀ


ಬಿಟಿಎಂ ಲೇಔಟ್
ಆಗಸ್ಟ್ 21

ಶೈಲಾ,

ನಿನ್ನ ಫೋನ್ ಬೇಕಂತಲೇ ಎತ್ತಲಿಲ್ಲ. ಎತ್ತಿದ್ದರೆ ಬಾಯಿಗೆ ಬಂದದ್ದು ಅಂತಿದ್ದೆ.

ಇವತ್ತ ತಲಘಟ್ಟಪುರಕ್ಕ ಹೋಗಿದ್ದೆ. ಶಾಲಿ ಬಿಟ್ಟಿತ್ತು. ಸ್ಟಾಫ್‌ರೂಮಿನ್ಯಾಗ ಗೌರಮ್ಮ ಒಬ್ರ ಕುಂತು ಪೇಪರ್ ತಿದ್ದಾಕತ್ತಿದ್ರು. "ನಾನು ಕುಷ್ಟಗಿಯ ಶೈಲಶ್ರೀ ಟೀಚರ್ ಮನೆಯವ್ರು" ಅಂದೆ. ಪೆನ್ ಬಿಟ್ಟು ಎದ್ದು ನಿಂತ್ರು.

"ಮೇಡಂ ಒಪ್ಪಿದ್ರೇನ್ರಿ?"

ನನಗ ತಿಳೀಲಿಲ್ಲ. "ನೀವು ಒಪ್ಪತೀರೇನು ಅಂತ ಕೇಳಾಕ ಬಂದೀನ್ರಿ" ಅಂದೆ.

ಅವರ ಮುಖ ಇಳೀತು. "ನಾನು ಮಾರ್ಚಿನ್ಯಾಗ ಕೇಳಿದ್ದೆ, ಮೇ ತಿಂಗಳಾಗ ಮತ್ತ ಕೇಳಿದೆ. ಎರಡೂ ಸಲ ಬರಾಕ ಆಗೂದಿಲ್ಲ ಅಂದ್ರು. ನಿಮಗ ಹೇಳಿಲ್ಲೇನ್ರಿ?"

ಅವರ ಮುಂದ ನಾನು ಹೆಂಗ ಕುಂತಿದ್ದೆ ಅನ್ನೂದನ್ನ ನೀನ ವಿಚಾರ ಮಾಡು. ಅವರ ನನಗ ಚಾ ತರಿಸಿ ಸಮಾಧಾನ ಮಾಡಿದ್ರು. ಆಮ್ಯಾಲ ಅಂದ್ರು, "ನನ್ನ ಮಗಳು ಇಂಚರ ನಿಮ್ಮ ಮೇಡಂ ಕ್ಲಾಸಿನ್ಯಾಗ ಅದಾಳ್ರೀ. ಅವರಪ್ಪನ ಕೂಡ ಅಲ್ಲೇ ಇರ್ತಾಳ. ನನಗ ಇಲ್ಲಿ ನೌಕರಿ ಆಗಿ ಏಳು ವರ್ಷ ಆತು, ರಜಾಕ್ಕಷ್ಟ ನೋಡ್ತೀನಿ. ಫೋನ್ ಮಾಡಿದ್ರ ಬರೇ ನಿಮ್ಮ ನಕ್ಷತ್ರದ್ದ ಮಾತು. ಬೆಂಗಳೂರಿಂದ ಬರೂದೈತಿ, ನೀನೂ ಅದರ ಜೋಡಿ ಬಾ ಅಂತಾಳ."

ಆ ಹುಡುಗಿ ನಿನ್ನ ಮುಂದಿನ ಬೆಂಚಿನ್ಯಾಗ ಕುಂದರ್ತಾಳ. ಆಕಿ ಅವ್ವ ಬರಬೇಕಂದ್ರ ನೀ ಒಂದು ಸಹಿ ಹಾಕಬೇಕು. ಅದನ್ನ ನನ್ನಿಂದ ಮುಚ್ಚಿಟ್ಟು, ಆಕಿ ಕೇಳ್ಯಾಳ ಅಂತ ನನ್ನ ಕಡೆಯಿಂದ ಲೋಹ ತರಸ್ತಿ. "ಏನೂ ಸುದ್ದಿ ಇಲ್ಲ, ಕೇಳಬ್ಯಾಡ್ರಿ" ಅಂತಿ. ನನ್ನ ಜೋಡಿ ಇರಾಕ ಮನಸ್ಸಿಲ್ಲಂದ್ರ ನೆಟ್ಟಗ ಹೇಳು.

ರವಿ


ಕುಷ್ಟಗಿ
ಸೆಪ್ಟೆಂಬರ್ 2

ರೀ,

ಇಬ್ಬರ ಪತ್ರಾನೂ ದಾರ್ಯಾಗ ಒಂದಕ್ಕೊಂದು ದಾಟಿ ಹೋಗ್ಯಾವು. ನೀವೂ ನನ್ನದು ಓದಿರ್ತೀರಿ. ಹತ್ತು ದಿನ ಪೆನ್ ಹಿಡೀಲಿಲ್ಲ. ಹಿಡಿದಿದ್ರ ಕೆಟ್ಟದ್ದ ಬರೀತಿದ್ದೆ.

ನೆಟ್ಟಗ ಹೇಳು ಅಂದ್ರಲ್ಲ, ಕೇಳ್ರಿ. ನಿಮ್ಮ ಜೋಡಿ ಇರಾಕ ಮನಸ್ಸೈತಿ. ಬೆಂಗಳೂರಿಗೆ ಬರಾಕ ಮನಸ್ಸಿಲ್ಲ. ಹೋದ ವರ್ಷ ಬ್ಯಾಸಗಿ ರಜಾದಾಗ ಬಂದಿದ್ದೆ, ನೆನಪೈತೇನು? ನಿಮ್ಮ ಬಿಟಿಎಂ ರೂಮಿನ ಕಿಟಕಿ ತೆಗದ್ರ ಬಾಜೂ ಮನಿ ಗ್ವಾಡಿ. ಕೈ ಚಾಚಿದ್ರ ಮುಟ್ತಿತ್ತು. ಮುಂಜಾನೆ ಹೋದವ್ರು ಕತ್ತಲಾದ ಮ್ಯಾಲ ಬರ್ತಿದ್ರಿ. ಮ್ಯಾಲಿನ ಮನಿ ಆಂಟಿ "ನೀವೇನ್ ಮಾಡ್ಕೊಂಡಿದೀರಾ" ಅಂದ್ರು. ಟೀಚರ್ ಅಂದೆ. "ಇಲ್ಲಿ ಬಂದ್ಮೇಲೆ ಬಿಟ್ಬಿಡ್ತೀರಾ ಬಿಡಿ" ಅಂದ್ರು, ನಾನೇನೋ ಹಳೇ ಚಪ್ಪಲಿ ಬಿಡಾವ್ಳಂಗ. ಇಲ್ಲಿ ಬಜಾರಕ್ಕ ಹೋದ್ರ ಹುಡುಗರ ತಾಯಂದಿರು ನಿಂತು ಮಾತಾಡಸ್ತಾರ. ನಾನು ಯಾರು ಅನ್ನೂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅದನ್ನ ಬಿಟ್ಟು ಆ ಗ್ವಾಡಿ ನೋಡ್ಕೊಂತ ಕುಂದ್ರಾಕ ನನಗ ಆಗಲಿಲ್ಲ. ನಿಮಗ ಹೇಳಿದ್ರ ನೊಂದ್ಕೋತೀರಿ ಅಂತ ಹೇಳಲಿಲ್ಲ. ಈಗ ಎರಡರಷ್ಟು ನೊಂದ್ರಿ.

ಇಂಚರನ ಮಾತು ನೀವು ಹೇಳಬೇಕಿಲ್ಲ. ದಿನಾ ಆಕಿ ಮುಖ ನೋಡಾವ್ಳು ನಾನು. ಆಕಿಗೆ ಈ ಸುದ್ದಿ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ನನ್ನ ಮ್ಯಾಲ ಅಷ್ಟು ಪ್ರೀತಿ ಮಾಡ್ತಾಳ, ಅದ ನನಗ ಚುಚ್ಚೂದು.

ಮತ್ತ ನಿಮ್ಮ ಕೆಲಸ. ಹೋತು ಅಂದಿದ್ರ ನಾನೇನು ನಿಮ್ಮನ್ನ ತಿಂದುಬಿಡ್ತಿದ್ನಾ?

ಶೈಲಶ್ರೀ


ಬಿಟಿಎಂ ಲೇಔಟ್
ಸೆಪ್ಟೆಂಬರ್ 16

ಶೈಲಾ,

ಕುಷ್ಟಗಿಯಿಂದ ನಿನ್ನೆ ಮುಂಜಾನೆ ಇಲ್ಲಿಗೆ ವಾಪಸ್ ಬಂದು ಮುಟ್ಟಿದೆ. ಬಸ್ ಸ್ಟ್ಯಾಂಡಿನಲ್ಲಿ ಸರಿಯಾಗಿ ಮಾತಾಡೋಕೆ ಆಗಲಿಲ್ಲ, ಅದಕ್ಕೆ ಬರೀತಿದ್ದೀನಿ.

ಹೇಳದೆ ಕೇಳದೆ ನಿನ್ನ ಶಾಲೆಗೆ ಬಂದದ್ದು ನಿನಗೆ ಇಷ್ಟವಾಗಲಿಲ್ಲ ಅಂತ ಗೊತ್ತು. ನಿನ್ನ ಪತ್ರ ಓದಿ ಫ್ಯಾಕ್ಟರಿ ಗೇಟಿಗೆ ಹೋಗಿ, ಕೊರಿಯರಿನವರು ಸೆಕ್ಯೂರಿಟಿ ಹತ್ತಿರ ಬಿಟ್ಟಿದ್ದ ಆ ಪಾರ್ಸೆಲ್ ಬಿಡಿಸಿಕೊಂಡೆ. ಏಪ್ರಿಲ್ ಆದಮೇಲೆ ಆ ಗೇಟಿನ ಹತ್ತಿರ ಹೋಗಿರಲಿಲ್ಲ. ಕೆಲಸದಿಂದ ತೆಗೆದ ದಿನವೇ ತಿಮ್ಮರಾಯಪ್ಪನವರು ಆ ತುಂಡು ಕೈಗಿಟ್ಟು "ಇದನ್ನಾದ್ರೂ ಇಟ್ಕೊಳಪ್ಪ" ಅಂದಿದ್ದರು. ಈಗ ಬನಶಂಕರಿಯಲ್ಲಿ ವೆಂಕಟಾಚಲ ಅನ್ನೋರ ಹಾರ್ಡ್‌ವೇರ್ ಅಂಗಡಿಯಲ್ಲಿದ್ದೀನಿ, ನಲ್ಲಿ, ಪೈಪು ಮಾರ್ತೀನಿ. ನಿಮ್ಮಪ್ಪನ ಮುಂದೆ ಕಾಯಂ ಕೆಲಸ ಅಂತ ಎದೆ ತಟ್ಟಿ ಹೇಳಿದ್ದೆನಲ್ಲ, ಅದು ಹೋಯ್ತು ಅನ್ನೋಕೆ ಬಾಯಿ ಬರಲಿಲ್ಲ.

ನಿನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನೀನು ಪಾಠ ಮಾಡೋದನ್ನ ನಾನು ನೋಡೇ ಇರಲಿಲ್ಲ. ಆ ತುಂಡು ಕೈಯಿಂದ ಕೈಗೆ ಹೋಗೋವಾಗ ದ್ಯಾಮಣ್ಣ ಸರ್ ಕೂಡ ಹುಡುಗರ ಸಾಲಿನಲ್ಲಿ ನಿಂತರು. ಇಂಚರ ಎರಡೂ ಕೈಯಲ್ಲಿ ಹಿಡಿದು ಬಿಡಲೇ ಇಲ್ಲ. "ಇಷ್ಟ ಸಣ್ಣದು ಇಷ್ಟ ಭಾರಾದ್ರ, ಅದು ಹೆಂಗಿರಬೇಕ್ರಿ ಸರ್" ಅಂತ ನನ್ನ ಮುಖ ನೋಡಿದಳು. ನಾನು ನಿನ್ನ ಕಡೆ ನೋಡಿದೆ. ನೀನು ಹೇಳಿದೆ. ನೀನು ಹೇಳಿದ್ದು ನನ್ನ ನಾಲ್ಕು ಪುಟಕ್ಕಿಂತ ಚೆನ್ನಾಗಿತ್ತು.

ಹೊರಡೋವಾಗ ಆ ಹುಡುಗಿ ಅವ್ವನಿಗೆ ಕೊಡಿ ಅಂತ ಖಡಕ್ ರೊಟ್ಟಿ ಕಟ್ಟು ತಂದುಕೊಟ್ಟಳು. ಇವತ್ತು ತಲಘಟ್ಟಪುರಕ್ಕೆ ಹೋಗಿ ಕೊಟ್ಟು ಬಂದೆ. ಗೌರಮ್ಮ ವರ್ಗಾವಣೆ ಮಾತೇ ಎತ್ತಲಿಲ್ಲ. ಅರ್ಧ ನನ್ನ ತಟ್ಟೆಗೆ ಹಾಕಿ "ಉಣ್ರಿ" ಅಂದರು.

ನಾನಿನ್ನು ನಿನಗೆ ಬಾ ಅನ್ನಲ್ಲ. ಸಿಟ್ಟು ಹೋಗಿದೆ ಅಂತ ತಿಳ್ಕೋಬೇಡ, ಇದೆ. ಆ ಕ್ಲಾಸಿನಲ್ಲಿ ನೀನು ನಿಂತದ್ದನ್ನ ನೋಡಿದ ಮೇಲೆ ಆ ಮಾತು ಬಾಯಿಗೆ ಬರ್ತಿಲ್ಲ, ಅಷ್ಟೇ.

ರವಿ


ಕುಷ್ಟಗಿ
ಅಕ್ಟೋಬರ್ 27

ರೀ,

ವರ್ಗಾವಣಿ ಅರ್ಜಿಗೆ ಸಹಿ ಹಾಕೀನಿ. ಗೌರಮ್ಮಗ ಇವತ್ತ ಮುಂಜಾನೆ ಫೋನ್ ಮಾಡಿ ಹೇಳಿದೆ. ಆದೇಶ ಬರಾಕ ಇನ್ನೂ ಟೈಮ್ ಐತಿ, ಆದ್ರ ನನ್ನ ಕಡೆಯಿಂದ ಮುಗೀತು.

ದಸರಾ ರಜಾಕ್ಕ ಅವರು ಊರಿಗೆ ಬಂದಿದ್ರು. ಬಜಾರದಾಗ ಇಬ್ಬರನ್ನೂ ನೋಡಿದೆ. ಇಂಚರ ಹದಿನಾಲ್ಕು ವರ್ಷದ ಹುಡುಗಿ. ಅವ್ವನ ಸೆರಗು ಹಿಡ್ಕೊಂಡು ನಡೀತಿದ್ಲು, ಮೂರು ವರ್ಷದ ಕೂಸಿನಂಗ. ನನ್ನ ನೋಡಿ ಗೌರಮ್ಮ ಕೈ ಮುಗಿದು ಮುಂದ ಹೋದ್ರು. ರಜಾ ಮುಗಿದು ಶಾಲಿ ಶುರು ಆದ ದಿನ ಆ ಹುಡುಗಿ ಕಣ್ಣು ಬಾತಿದ್ವು. ಟೆಸ್ಟಿನ್ಯಾಗ ಖಾಲಿ ಹಾಳಿ ಕೊಟ್ಲು. ಅಷ್ಟ. ಬೈಲಿಲ್ಲ ನಾನು, ಆಫೀಸಿಗೆ ಹೋಗಿ ಅರ್ಜಿ ತಗೊಂಡೆ.

ಒಂದು ಮಾತು ನಿಮಗ ಖರೇ ಹೇಳಿಬಿಡ್ತೀನಿ. ನಿಮ್ಮ ಸಲುವಾಗಿ ಅಲ್ಲ ನಾನು ಬರೂದು. ನಿಮಗ ಸಂತೋಷ ಆಗ್ತೈತಿ, ಆಗ್ಲಿ. ನನಗ ಇನ್ನೂ ಆಗಿಲ್ಲ. ಆದಾಗ ಹೇಳ್ತೀನಿ, ಆಗಲಿಲ್ಲಂದ್ರ ಅದನ್ನೂ ಹೇಳ್ತೀನಿ. ಆ ಬಿಟಿಎಂ ರೂಮಿಗೆ ಕಾಲಿಡೂದಿಲ್ಲ. ತಲಘಟ್ಟಪುರದ ಕಡೆ, ಗಾಳಿ ಬೆಳಕು ಬರೂ ಮನಿ ಹುಡುಕ್ರಿ. ನಿಮಗ ಬನಶಂಕರಿ ದೂರ ಆಗ್ತೈತಿ. ಆಗ್ಲಿ, ನನಗ ಇಡೀ ಊರ ದೂರ ಆಗಾಕತ್ತೈತಿ.

ಇಂಚರಗ ನಾನ ಹೇಳಿದೆ, ವರಾಂಡದಾಗ ನಿಂತು. ಕುಣದಾಡ್ತಾಳ ಅಂತ ತಿಳಕೊಂಡಿದ್ದೆ. ಬ್ಯಾಗ್ ಹೆಗಲಿಂದ ಇಳಿಸಿ ಕೇಳಿದ್ಲು:

"ಹಂಗಾರ ಹತ್ತನೇತ್ತಕ್ಕ ನೀವು ಇರೂದಿಲ್ಲ?"

"ನಿಮ್ಮವ್ವ ಇರ್ತಾರಲ್ಲ."

"ಅವ್ವ ಬರ್ಲಿ. ನೀವೂ ಇರ್ರಿ."

"ಒಂದ ಪೋಸ್ಟ್ ಐತವ್ವಾ."

"ಯಾರ್ರಿ ಈ ರೂಲ್ಸ್ ಮಾಡಿದವ್ರು?" ಅಂದು ಬ್ಯಾಗ್ ನೆಲಕ್ಕ ಅಪ್ಪಳಿಸಿದ್ಲು. ಕಂಪಾಸ್ ಪೆಟ್ಟಿಗಿ ಬಿಚ್ಚಿ ಎಲ್ಲಾ ವರಾಂಡದ ತುಂಬ ಚೆಲ್ಲಿತು. ಎತ್ತಲಿಲ್ಲ, ಅಳಕೊಂತ ನಳದ ಕಡೆ ಓಡಿ ಹೋದ್ಲು.

ನನಗೂ ಏನರ ಎತ್ತಿ ಅಪ್ಪಳಿಸಬೇಕು ಅನಸ್ತು. ಕೈಯಾಗ ಬರೇ ಒಂದು ಚಾಕ್‌ಪೀಸ್ ಇತ್ತು. ಕುಂತು ಆಕಿ ಪೆನ್ಸಿಲ್ಲು, ಪಟ್ಟಿ ಎಲ್ಲಾ ಆರಿಸಿ ಪೆಟ್ಟಿಗ್ಯಾಗ ಹಾಕಿದೆ, ಬೆಂಚಿನ ಮ್ಯಾಲ ಇಟ್ಟೆ. ಅಷ್ಟರಾಗ ಗಂಟಿ ಹೊಡೀತು. ಕಣ್ಣು ಒರಸ್ಕೊಂಡು ಎಂಟನೇತ್ತದ ಕ್ಲಾಸಿಗೆ ಹೋದೆ.

ಶೈಲಶ್ರೀ